ಏಳು ಮೀಟರಿನ ಮೇಲೆ ನಾಲ್ಕು ಸೆಂಟಿಮೀಟರ್

ಅವರು ನಡೆಯುವಾಗ ಬಲಕ್ಕೆ ವಾಲುತ್ತಿದ್ದರು. ಕಾಲಿನಲ್ಲಿ ದೋಷವೇನೂ ಇರಲಿಲ್ಲ, ದೋಷ ಕೋಟಿನದು. ಮೊಣಕಾಲಿನಿಂದ ತುಸು ಕೆಳಕ್ಕೆ ಬರುವ ಆ ಗಂಡಸರ ಕೋಟು ಒಂದು ಕಾಲಕ್ಕೆ ಬೂದು ಬಣ್ಣದ್ದಾಗಿತ್ತಂತೆ, ನಾನು ನೋಡುವ ಹೊತ್ತಿಗೆ ಉಪ್ಪುಗಾಳಿ ತಿಂದು ಅದಕ್ಕೆ ಹೇಳಿಕೊಳ್ಳುವಂಥ ಬಣ್ಣವೇ ಉಳಿದಿರಲಿಲ್ಲ. ಅದರ ಬಲಜೇಬಿನಲ್ಲಿ ನಾಲ್ಕು ಸೆಲ್ಲಿನ ಉಕ್ಕಿನ ಟಾರ್ಚೊಂದು ಸದಾ ಇರುತ್ತಿತ್ತು. ಒಮ್ಮೆ ಅವರಿಲ್ಲದಾಗ ಅದನ್ನು ಪ್ರಯೋಗಶಾಲೆಯ ತಕ್ಕಡಿಯಲ್ಲಿ ತೂಗಿ ನೋಡಿದ್ದೆ: ಸೆಲ್ ಸಮೇತ ಒಂಬೈನೂರ ನಲವತ್ತು ಗ್ರಾಂ. ಅಷ್ಟು ತೂಕವನ್ನು ಇಪ್ಪತ್ತು ವರ್ಷಕ್ಕೂ ಮಿಕ್ಕಿ ಒಂದೇ ಪಕ್ಕಕ್ಕೆ ಹೊತ್ತ ದೇಹ ಅದಕ್ಕೆ ಎಷ್ಟು ಒಗ್ಗಿಹೋಗಿತ್ತೆಂದರೆ, ಕೋಟನ್ನು ಗೂಟಕ್ಕೆ ನೇತುಹಾಕಿ ಬರಿಗೈಯಲ್ಲಿ ಕೋಣೆಯನ್ನು ದಾಟುವಾಗಲೂ ಅವರು ಬಲಕ್ಕೇ ವಾಲುತ್ತಿದ್ದರು.

ಬಂದರಿನ ಸಣ್ಣ ದೋಣಿಗಳ ವಿಭಾಗದಲ್ಲಿ ಅವರು ದೀಪಗಳ ತಪಾಸಣಾಧಿಕಾರಿ. ಹಾಯಿದೋಣಿಯೊಂದು ಸೂರ್ಯಾಸ್ತದ ಮೇಲೆ ನೀರಿನಲ್ಲಿರಬೇಕಾದರೆ ಎಡಗಡೆ ಕೆಂಪು, ಬಲಗಡೆ ಹಸಿರು, ಹಿಂದೆ ಬಿಳಿ ದೀಪ ತೋರಿಸಬೇಕು. ನೋಡುವವನು ದೋಣಿಯನ್ನು ಕಾಣದೆಯೂ ಅದು ಯಾವ ಕಡೆಗೆ ಸಾಗುತ್ತಿದೆ ಎಂಬುದನ್ನು ಆ ಬಣ್ಣದಿಂದಲೇ ಅರಿಯುತ್ತಾನೆ. ಏಳು ಮೀಟರಿಗಿಂತ ಚಿಕ್ಕ ದೋಣಿಗೆ ಒಂದು ರಿಯಾಯಿತಿ ಉಂಟು. ದೀಪ ಕೂರಿಸಲು ಅನುಕೂಲವಿಲ್ಲದಿದ್ದರೆ, ಬಿಳಿ ಬೆಳಕಿನ ಟಾರ್ಚನ್ನು ಕೈಗೆ ಸಿಗುವ ಹಾಗೆ ಇಟ್ಟುಕೊಂಡು, ಡಿಕ್ಕಿ ತಪ್ಪಿಸುವಷ್ಟು ಮುಂಚೆ ತೋರಿಸಿದರೆ ಸಾಕು. ‘ಕೈಗೆ ಸಿಗುವ ಹಾಗೆ’ ಎಂಬ ಮಾತನ್ನು ಉಳಿದ ಅಧಿಕಾರಿಗಳು ಓದಿ ಮುಂದಿನ ಸಾಲಿಗೆ ಹೋಗುತ್ತಿದ್ದರು. ಇವರು ಅಲ್ಲೇ ನಿಂತುಬಿಟ್ಟಿದ್ದರು. ಸಣ್ಣ ದೋಣಿಯವರು ಯಾರೇ ಬಂದರೂ, ಗಾಳಿ ಹೇಗಿದೆ, ಮಕ್ಕಳು ಹೇಗಿದ್ದಾರೆ ಎಂದು ವಿಚಾರಿಸುತ್ತ ವಿಚಾರಿಸುತ್ತ ನಡುವೆ ಒಂದೇ ದನಿಯಲ್ಲಿ “ದೀಪ ಎಲ್ಲಿ?” ಎನ್ನುವರು, ಎಂದವರೇ ಬೆರಳು ಮಡಿಸಿ ನಾಲ್ಕು ಎಣಿಸುವರು. ಅಷ್ಟರೊಳಗೆ ಉರಿಯುವ ಟಾರ್ಚು ಕೈಗೆ ಬರಬೇಕು. ಬರದಿದ್ದರೆ ಆ ವಾರ ಪ್ರಮಾಣಪತ್ರವಿಲ್ಲ. ನಾಲ್ಕೇ ಏಕೆ ಎಂದು ನಾನು ಕೇಳಿದಾಗ ಕಾಗದದ ಚೂರಿನ ಮೇಲೆ ಲೆಕ್ಕ ಬರೆದುಕೊಟ್ಟರು: ಎರಡು ದೋಣಿಗಳು ಎದುರುಬದುರಾಗಿ ಐದೈದು ನಾಟಿನ, ಅಂದರೆ ಗಂಟೆಗೆ ಸುಮಾರು ಒಂಬತ್ತು ಕಿಲೋಮೀಟರಿನ, ವೇಗದಲ್ಲಿ ಬರುತ್ತಿದ್ದರೆ ಅಂತರ ಸೆಕೆಂಡಿಗೆ ಐದು ಮೀಟರ್ ಕರಗುತ್ತದೆ, ನಾಲ್ಕು ಎಣಿಸುವಷ್ಟರಲ್ಲಿ ಇಪ್ಪತ್ತು ಮೀಟರ್ ಹೋಯಿತು. ದೋಣಿಯವರು ಎದುರಿಗೆ ಅವರನ್ನು ಅಕ್ಕ ಎನ್ನುತ್ತಿದ್ದರು, ಬೆನ್ನ ಹಿಂದೆ ‘ನಾಲ್ಕೆಣಿಕೆ’ ಎನ್ನುತ್ತಿದ್ದರು. ಮದುವೆ ಮನೆಯಲ್ಲಿ ಎದುರಾದರೂ ಈಯಮ್ಮ ದೀಪ ಎಲ್ಲಿ ಅಂತಾಳೆ, ಹೊಸ ಬಟ್ಟೆ ಜೇಬಲ್ಲೂ ಟಾರ್ಚು ಇಟ್ಕೊಂಡು ಹೋಗ್ಬೇಕು ಎಂಬುದು ದೋಣಿಗಳು ನಿಲ್ಲುವ ದಕ್ಕೆಯ ಮೇಲಿನ ಹಳೆಯ ತಮಾಷೆ.

ನಾನು ಭೌತಶಾಸ್ತ್ರದಲ್ಲಿ ಪದವಿ ಪಡೆದು, ಬೆಳಕಿನ ತೀವ್ರತೆ ಅಳೆಯುವ ಸಹಾಯಕನಾಗಿ ಅವರ ಕೈಕೆಳಗೆ ಸೇರಿದವನು. ಮೊದಲ ದಿನ ಅವರು ನನ್ನ ಅಂಕಪಟ್ಟಿ ನೋಡಲಿಲ್ಲ. ಕಚೇರಿಯ ಅಂಗಳದ ನಡುವೆ ನಿಂತು, ಎರಡೂ ತೋಳುಗಳನ್ನು ಚಾಚಿ, ಭುಜದ ರೇಖೆಯಿಂದ ಸ್ವಲ್ಪ ಹಿಂದಕ್ಕೆ ತಂದು ಹಿಡಿದರು. “ನಾನು ದೋಣಿ. ನನ್ನ ಸುತ್ತ ನಡಿ. ಎಲ್ಲಿ ಯಾವ ದೀಪ ಕಾಣುತ್ತೆ ಹೇಳ್ತಾ ಹೋಗು” ಎಂದರು. ನಾನು ಎದುರಿನಿಂದ ಹೊರಟೆ, ಹೊರಟಲ್ಲೇ ಎಡವಿದೆ. ಎದುರು ನಿಂತವನಿಗೆ ಅವರ ಎಡ ತನ್ನ ಬಲವಾಗುತ್ತದೆ ಎಂಬ ಸರಳ ಸಂಗತಿ ಪದವೀಧರನಿಗೆ ಹೊಳೆದಿರಲಿಲ್ಲ. ಮೂರು ಸುತ್ತಿನ ಮೇಲೆ ಸರಿಹೋಯಿತು. ಮೂಗಿನ ನೇರದಿಂದ ಹೊರಟು, ಹಿಂದಕ್ಕೆ ಬಾಗಿದ ತೋಳಿನವರೆಗೆ ನೂರ ಹನ್ನೆರಡೂವರೆ ಡಿಗ್ರಿ ಕೆಂಪು, ಆ ಕಡೆ ಅಷ್ಟೇ ಹಸಿರು, ಬೆನ್ನ ಹಿಂದೆ ಉಳಿದ ನೂರ ಮೂವತ್ತೈದು ಬಿಳಿ. ಕಾಗದ ಹಿಡಿದು ಹಾದುಹೋಗುತ್ತಿದ್ದ ಟಪಾಲು ಗುಮಾಸ್ತರು ನಿಂತು, “ಪ್ರದಕ್ಷಿಣೆ ಎಷ್ಟಾಯ್ತು?” ಎಂದು ಕೇಳಿದರು. ಅವರು ತೋಳಿಳಿಸದೆಯೇ, ಮೂರಾಯ್ತು, ನೀವು ಬಂದಾಗ ಹದಿನೇಳಾಗಿತ್ತು ಎಂದರು. ಆ ತೋಳುಗಳು ನಡುಗುತ್ತಿರಲಿಲ್ಲ. ಆಮೇಲೆ ಒಂದು ದಿನ ಕುತೂಹಲಕ್ಕೆ ಕೋನಮಾಪಕ ಹಿಡಿದು ನೋಡಿದೆ; ಎಡತೋಳು ಸರಿಯಾಗಿತ್ತು, ಬಲತೋಳು ಒಂದು ಡಿಗ್ರಿ ತಪ್ಪಿತ್ತು. ಹೇಳಿದೆ. ಸಂತೋಷಪಟ್ಟರು.

ನಮ್ಮ ಪರೀಕ್ಷೆಗಳೆಲ್ಲ ಹಗಲಿನಲ್ಲೇ ನಡೆಯುತ್ತಿದ್ದವು. ಹಿಂದೆ ಹಗ್ಗ ಶೇಖರಿಸುತ್ತಿದ್ದ, ಕಿಟಕಿಯಿಲ್ಲದ, ನಲವತ್ತು ಮೀಟರ್ ಉದ್ದದ ಓಣಿಯಂಥ ಕೋಣೆಯೊಂದಕ್ಕೆ ಒಳಗೆಲ್ಲ ಕಪ್ಪು ಬಳಿದಿದ್ದರು. ಒಂದು ತುದಿಯಲ್ಲಿ ಡಿಗ್ರಿ ಕೊರೆದ ತಿರುಗುಮಣೆಯ ಮೇಲೆ ದೀಪ, ಅದರ ಪಕ್ಕ ನಾನು. ಇನ್ನೊಂದು ತುದಿಯಲ್ಲಿ ಮರದ ಕುರ್ಚಿಯ ಮೇಲೆ ಅವರು. ನಾನು ಮಣೆಯನ್ನು ಅರ್ಧರ್ಧ ಡಿಗ್ರಿ ತಿರುಗಿಸುತ್ತಿದ್ದೆ; ಕತ್ತಲಿನ ಆ ತುದಿಯಿಂದ ಅವರ ದನಿ ಬರುತ್ತಿತ್ತು: “ಇದೆ… ಇದೆ… ಇದೆ… ಹೋಯ್ತು.” ಆಗ ನಾನು ಅಂಕಿ ಬರೆದುಕೊಳ್ಳಬೇಕು. ಒಂದು ಮೈಲು ಕಾಣಬೇಕಾದ ದೀಪಕ್ಕೆ ಸೊನ್ನೆ ಬಿಂದು ಒಂಬತ್ತು ಕ್ಯಾಂಡೆಲಾ, ಎರಡು ಮೈಲಿಗೆ ನಾಲ್ಕು ಬಿಂದು ಮೂರು ಎಂದು ಮಾಪಕ ಆಮೇಲೆ ಹೇಳುತ್ತಿತ್ತು. ಆದರೆ ಅವರಿಗೆ ಮೊದಲು ಕಣ್ಣು, ನಂತರ ಯಂತ್ರ. ಸಮುದ್ರದ ಮೇಲೆ ಎದುರಿಗೆ ಬರುವವನ ಹತ್ತಿರ ಇರುವುದು ಕಣ್ಣೇ ತಾನೇ ಎನ್ನುತ್ತಿದ್ದರು. ಹೀಗೆ ದಿನಕ್ಕೆ ನಾಲ್ಕೈದು ಗಂಟೆ ನಾವಿಬ್ಬರೂ ಒಬ್ಬರ ಮುಖ ಒಬ್ಬರಿಗೆ ಕಾಣದೆ, ನಲವತ್ತು ಮೀಟರ್ ದೂರದಲ್ಲಿ, ಎರಡೇ ಶಬ್ದಗಳಲ್ಲಿ ಮಾತನಾಡುತ್ತ ನಾಲ್ಕು ವರ್ಷ ಕಳೆದೆವು. ಆ ಕತ್ತಲಿನಲ್ಲಿ ಅವರು ಎಷ್ಟು ನಿರಾಳವಾಗಿರುತ್ತಿದ್ದರೆಂದರೆ, ಬಾಗಿಲು ತೆರೆದು ಬೆಳಕಿಗೆ ಬಂದಾಗ ಯಾರದೋ ಮನೆಗೆ ಬಂದ ಅತಿಥಿಯ ಹಾಗೆ ಮುದುರಿಕೊಳ್ಳುತ್ತಿದ್ದರು.

ನಗಿಸುವುದೂ ಅವರಿಗೆ ಗೊತ್ತಿತ್ತು, ತಾವು ನಗದೆ. ಮೂರೂ ಬಣ್ಣವನ್ನು ಒಂದೇ ಗಾಜಿನ ಬುರುಡೆಯೊಳಗಿಟ್ಟು ಹಾಯಿಕಂಬದ ತುದಿಗೆ ಕೂರಿಸುವ ದೀಪ ಸಣ್ಣ ಹಾಯಿದೋಣಿಗಳಿಗೆ ಅನುಕೂಲ. ಒಬ್ಬ ದೋಣಿಯವನು ಅದನ್ನು ಕಂಬದ ತುದಿಯಲ್ಲಿ ನಿಲ್ಲಿಸುವ ಬದಲು ತಲೆಕೆಳಗಾಗಿ ತೂಗುಹಾಕಿದ್ದ. ತಲೆಕೆಳಗಾದಾಗ ಬಿಳಿ ಹಿಂದೆಯೇ ಉಳಿಯುತ್ತದೆ, ಕೆಂಪು ಹಸಿರು ಮಾತ್ರ ಅದಲು ಬದಲಾಗುತ್ತವೆ. ಇವರು ದಕ್ಕೆಯ ಮೇಲಿನಿಂದ ಕತ್ತೆತ್ತಿ ಬಹಳ ಹೊತ್ತು ನೋಡಿ, “ಸಂಜೆ ನೀನು ಮನೆಗೆ ಬರ್ತಿದ್ರೆ, ನೋಡೋರಿಗೆ ಮನೆ ಬಿಟ್ಟು ಓಡಿಹೋಗ್ತಿರೋ ಹಾಗೆ ಕಾಣುತ್ತೆ. ಹೆಂಡ್ತಿಗೆ ಹೇಳಿಯೇ ಹಾಕಿಸಿದೀಯಾ?” ಎಂದರು. ಅವನು ಆ ಕ್ಷಣವೇ ಕಂಬ ಹತ್ತಿದ.

ಅವರ ಮನೆಗೆ ನಾನು ಹೋದದ್ದು ಎರಡೋ ಮೂರೋ ಸಲ. ದಕ್ಕೆಯ ಹಿಂದಿನ ಬೀದಿಯಲ್ಲಿ ಮೇಲಂತಸ್ತಿನ ಎರಡು ಕೋಣೆ. ಕೆಳಗೆ ಸಿಮೆಂಟಿನ ಅಂಗಳ. ಕೋಣೆಗಳಲ್ಲಿ ಬೇಡದ್ದೊಂದೂ ಇರಲಿಲ್ಲ. ಪ್ರತಿಯೊಂದು ಬಲ್ಬಿನ ಕತ್ತಿನ ಮೇಲೂ ಅದನ್ನು ಹಾಕಿದ ದಿನಾಂಕವನ್ನು ಚಿಕ್ಕ ಅಕ್ಷರದಲ್ಲಿ ಬರೆದಿದ್ದರು. ಅಡುಗೆಮನೆಯದು ಏಳು ತಿಂಗಳ ಹಿಂದಿನದು, ಓದುವ ಮೇಜಿನದು ಎರಡು ವರ್ಷದ್ದು. ಒಳಕೋಣೆಯ ಬಲ್ಬಿನ ಮೇಲೆ ಮಾತ್ರ ಒಂಬತ್ತು ವರ್ಷದ ಹಿಂದಿನ ದಿನಾಂಕವಿತ್ತು. ಇಷ್ಟು ಬಾಳಿಕೆ ಬಂತೇ ಎಂದು ಅಚ್ಚರಿಪಟ್ಟೆ. ಆ ಕೋಣೆಯಲ್ಲಿ ದೀಪ ಹಾಕುವುದಿಲ್ಲ, ಅದು ತಮ್ಮನ ಕೋಣೆ ಎಂದರು. ತಮ್ಮ ಎಲ್ಲಿದ್ದಾರೆ ಎಂದು ಕೇಳಿದೆ. ಕೊಲ್ಲಿಯ ಆ ಕಡೆ ಎಂದರು. ಅಡುಗೆಮನೆಯಿಂದ ಹಾಲು ಉಕ್ಕುವ ಸದ್ದು ಬಂತು, ಎದ್ದು ಹೋದರು. ಅಲ್ಲಿಗೆ ಆ ಮಾತು ಮುಗಿಯಿತು.

ಸಂಜೆಗಳಲ್ಲಿ ಅವರದೊಂದು ವಾಡಿಕೆಯಿತ್ತು. ಕಚೇರಿಯ ಗೋಡೆಯ ಮೇಲೆ ಸೂರ್ಯಾಸ್ತದ ಪಟ್ಟಿ ತೂಗುತ್ತಿತ್ತು. ಅದರ ಪ್ರಕಾರ ಸೂರ್ಯಾಸ್ತಕ್ಕೆ ಅರ್ಧ ಗಂಟೆ ಇರುವಾಗ ಅವರು ಯಾವ ಕೆಲಸವಿದ್ದರೂ ಬಿಟ್ಟು ಪಶ್ಚಿಮದ ಕಿಟಕಿಗೆ ಹೋಗಿ ನಿಲ್ಲುತ್ತಿದ್ದರು. ಸ್ವಲ್ಪ ಹೊತ್ತಿಗೆ ಕಂದು ಬಣ್ಣದ ಒಂದು ಪುಟ್ಟ ಹಾಯಿ ಕೊಲ್ಲಿಯ ಬಾಯಿಯಿಂದ ಒಳಬಂದು ಆ ದಡದ ಕಡೆಗೆ ಸಾಗಿ ಮರೆಯಾಗುತ್ತಿತ್ತು. ಆಗ ಅವರು ಕುರ್ಚಿಗೆ ಮರಳುವರು. ಗಾಳಿ ಬಿದ್ದ ದಿನಗಳಲ್ಲಿ ಆ ಹಾಯಿ ತಡವಾಗುತ್ತಿತ್ತು. ಒಂದೆರಡು ಸಲ ದೋಣಿಯಾತ ಹಾಯಿ ಇಳಿಸಿ ಹುಟ್ಟು ಹಾಕುತ್ತ ಬಂದದ್ದೂ ಕಂಡಿತು. ಆದರೆ ಸೂರ್ಯಾಸ್ತ ಮೀರಿ ಅದು ನೀರಿನಲ್ಲಿ ಉಳಿದದ್ದನ್ನು ನಾನು ನಾಲ್ಕು ವರ್ಷದಲ್ಲಿ ಒಂದು ದಿನವೂ ನೋಡಲಿಲ್ಲ. ಅದು ಅವರ ತಮ್ಮನ ದೋಣಿ ಎಂದು ನನಗೆ ಹೇಳಿದವರು ಕಾವಲುಗಾರ ತಾತ. ದೋಣಿಗಳನ್ನು ಎಳೆದು ನಿಲ್ಲಿಸುವ ಇಳಿಜಾರಿನ ಕಾವಲು ಅವರದು. ಮೂವತ್ತು ವರ್ಷದಿಂದ ಅಳತೆಯ ಟೇಪಿನ ಉಂಗುರ ಹಿಡಿಯುವ ಕೆಲಸವೂ ಅವರದೇ.

ತಾತ ಹೇಳಿದ ಕಥೆ ಚಿಕ್ಕದು. ತಾಯಿ ತೀರಿಕೊಂಡಾಗ ಅಕ್ಕನಿಗೆ ಹದಿನಾಲ್ಕು, ತಮ್ಮನಿಗೆ ಆರು. ಅವನಿಗೆ ತುತ್ತು ಕಲಸಿ ಕೊಟ್ಟವಳೂ ಅವಳೇ, ಸೂಜಿ ಹಿಡಿಯಲು ಕಲಿಸಿದವಳೂ ಅವಳೇ. ಅವನು ಹಾಯಿ ಹೊಲಿಯುವವನಾದ. ಆದರೆ ಅವನ ಮನಸ್ಸಿದ್ದದ್ದು ದೋಣಿ ಕಟ್ಟುವುದರಲ್ಲಿ. ಮನೆಯ ಕೆಳಗಿನ ಅಂಗಳದಲ್ಲಿ ಮೂರು ವರ್ಷ ಒಬ್ಬನೇ ಕೂತು ತನ್ನ ಮೊದಲ ದೋಣಿ ಕಟ್ಟಿದ. ಗಾಳಿಯಲ್ಲಿ ಓಡುವ ದೋಣಿಗೆ ತಂತಿ, ಬ್ಯಾಟರಿ ಯಾಕೆ ಎಂಬುದು ಅವನ ಹಟ. ಅದಕ್ಕಾಗಿಯೇ ಲೆಕ್ಕ ಹಾಕಿ, ಟಾರ್ಚಿನ ರಿಯಾಯಿತಿ ಸಿಗುವಂತೆ, ಆರು ಮೀಟರ್ ತೊಂಬತ್ತೊಂಬತ್ತಕ್ಕೆ ನಿಲ್ಲಿಸಿದ್ದ. ಅರ್ಜಿಯಲ್ಲೂ ಹಾಗೇ ಬರೆದ. ದಕ್ಕೆಯ ಜನವೆಲ್ಲ ಸೇರಿದ್ದ ಒಂದು ಬೆಳಿಗ್ಗೆ ಅಳತೆಯಾಯಿತು. ಏಳು ಮೀಟರ್ ನಾಲ್ಕು ಸೆಂಟಿಮೀಟರ್ ಬಂತು. ದೀಪ ಕೂರಿಸುವ ತನಕ ಹಗಲಿಗೆ ಮಾತ್ರ ಎಂದು ಅಕ್ಕ ಬರೆದು ಸಹಿ ಹಾಕಿದಳು. ನಾನು ಕಟ್ಟಿದ್ದು, ನನಗೆ ಗೊತ್ತಿಲ್ವಾ ಎಂದು ಅವನು ಎಲ್ಲರೆದುರು ದನಿಯೇರಿಸಿದ. ಟೇಪು ಹೇಳಿದ್ದನ್ನು ಬರೆದಿದ್ದೇನೆ ಎಂದು ಅವಳು ಪುಸ್ತಕದಿಂದ ತಲೆಯೆತ್ತದೆ ಹೇಳಿದಳು. ಆ ವಾರವೇ ಅವನು ಗಂಟುಮೂಟೆ ಕಟ್ಟಿಕೊಂಡು ಕೊಲ್ಲಿ ದಾಟಿದ. “ಮೂತಿ ಹತ್ರ ಒಂದಿಷ್ಟು ಕುಯ್ದಿದ್ರೆ ಮುಗಿದುಹೋಗ್ತಿತ್ತು” ಎಂದು ತಾತ ಬೀಡಿ ಆರಿಸಿದರು. “ದೋಣಿ ಕುಯ್ಯೋ ಬದಲು ನೆಂಟಸ್ತನ ಕುಯ್ದುಬಿಟ್ಟ.”

ಅವರ ನಿವೃತ್ತಿಗೆ ನಾಲ್ಕು ತಿಂಗಳಿರುವಾಗ ಹಳೆಯ ರಿಜಿಸ್ಟರುಗಳನ್ನೆಲ್ಲ ಪಟ್ಟಿ ಮಾಡಿ ಕೇಂದ್ರ ಕಚೇರಿಗೆ ಕಳಿಸುವ ಕೆಲಸ ನನ್ನ ಪಾಲಿಗೆ ಬಂತು. ಪುಟ ತಿರುಗಿಸುವಾಗ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಹತ್ತಿರಹತ್ತಿರ ಆರು ವರ್ಷಗಳ ಅವಧಿಯಲ್ಲಿ ಪ್ರತಿ ದೋಣಿಯ ಉದ್ದವನ್ನೂ ಎರಡು ಸಲ ಬರೆದಿದ್ದರು: ಮೇಲೆ ಪೆನ್ಸಿಲಿನಲ್ಲಿ ಒಂದು ಅಂಕಿ, ಕೆಳಗೆ ಶಾಯಿಯಲ್ಲಿ ಒಂದು, ಶಾಯಿಯದು ಕಣ್ಣಾಡಿಸಿದಲ್ಲೆಲ್ಲ ಸರಿಯಾಗಿ ಐದು ಸೆಂಟಿಮೀಟರ್ ಕಡಿಮೆ. ಇದೇನೆಂದು ತಾತನನ್ನು ಕೇಳಿದೆ. ಅವರು ನಕ್ಕರು. ಆಗ ಕಚೇರಿಗಿದ್ದದ್ದು ಒಂದೇ ಬಟ್ಟೆಯ ಟೇಪು. ಅದರ ಮೊದಲ ಐದು ಸೆಂಟಿಮೀಟರ್ ಇಲಿ ತಿಂದಿತ್ತು. ಉಗ್ರಾಣದವರು ಚಿಂದಿಯನ್ನು ಕತ್ತರಿಸಿ, ಐದರ ಗುರುತಿಗೆ ಉಂಗುರ ಹೊಲಿದುಕೊಟ್ಟರು. ಹೊಸ ಟೇಪಿಗೆ ಬರೆದ ಅರ್ಜಿಗೆ ಉತ್ತರ ಬರಲು ಆರು ವರ್ಷ ಹಿಡಿಯಿತು. ಅಲ್ಲಿಯವರೆಗೆ ಬಂದ ಅಂಕಿಯಲ್ಲಿ ಐದು ಕಳೆಯುವುದು ನಮ್ಮ ವಿಭಾಗದವರಿಗೆಲ್ಲ ಉಸಿರಾಡಿದಷ್ಟು ಅಭ್ಯಾಸವಾಗಿತ್ತು.

ನಾನು ಮತ್ತೆ ಪುಟ ತಿರುಗಿಸಿದೆ. ಇನ್ನೂರ ಹದಿನೆಂಟು ದೋಣಿಗಳು. ಇನ್ನೂರ ಹದಿನೇಳಕ್ಕೆ ಐದು ಕಳೆದಿತ್ತು. ಒಂದಕ್ಕೆ ಮಾತ್ರ ಪೆನ್ಸಿಲಿನಲ್ಲೂ ಏಳು ಬಿಂದು ಸೊನ್ನೆ ನಾಲ್ಕು, ಶಾಯಿಯಲ್ಲೂ ಏಳು ಬಿಂದು ಸೊನ್ನೆ ನಾಲ್ಕು. ಪುಟವನ್ನು ತಾತನ ಮುಂದೆ ಹಿಡಿದೆ. ಅವರು ಓದಿ, ಕಲ್ಲಿನ ಮೇಲೆ ಕೂತುಬಿಟ್ಟರು. ಆ ದಿನ ಅಕ್ಕ ಟೇಪು ಮುಟ್ಟಿರಲಿಲ್ಲವಂತೆ. ಸ್ವಂತ ತಮ್ಮನ ದೋಣಿ, ನಾನು ಅಳೆಯುವುದು ಸರಿಯಲ್ಲ ಎಂದು ಟಪಾಲು ಗುಮಾಸ್ತರನ್ನು ಕರೆಸಿ ಓದಿಸಿದರಂತೆ. ಟಪಾಲಿನವರಿಗೆ ಇಲಿಯ ಸಮಾಚಾರ ಏನು ಗೊತ್ತು? ಅವರು ಕಂಡದ್ದನ್ನು ಕೂಗಿದರು. ಗಾಳಿಗೆ, ಮೂತಿಯ ಹತ್ತಿರ ಉಂಗುರ ಹಿಡಿದು ಕೂತಿದ್ದ ತಾತನಿಗೆ ಆ ಕೂಗು ಕೇಳಿಸಿರಲಿಲ್ಲ. ಆಮೇಲೆ ಜಗಳದಲ್ಲಿ ನಾಲ್ಕು ನಾಲ್ಕು ಎಂದು ಕೇಳಿದಾಗ ಕಳೆದ ಮೇಲಿನ ಅಂಕಿಯೇ ಅದು ಎಂದು ತಿಳಿದಿದ್ದರು. ಅಂದರೆ ದೋಣಿಯ ಉದ್ದ ಆರು ಮೀಟರ್ ತೊಂಬತ್ತೊಂಬತ್ತು. ತಮ್ಮ ಬರೆದದ್ದು ಸರಿ, ಅಕ್ಕ ಬರೆದದ್ದು ತಪ್ಪು.

ಇದನ್ನು ಹೇಗೆ ಹೇಳುವುದೆಂದು ಎರಡು ದಿನ ಯೋಚಿಸಿದೆ. ಕೊನೆಗೆ ನಮ್ಮ ಕಪ್ಪು ಕೋಣೆಯೇ ಸರಿ ಎನಿಸಿತು. ಒಂದು ಹಸಿರು ದೀಪದ ಪರೀಕ್ಷೆ ನಡೆದಿತ್ತು. ಅವರು “ಇದೆ… ಇದೆ…” ಎನ್ನುತ್ತಿದ್ದರು. ನಾನು ಮಣೆ ನಿಲ್ಲಿಸಿ, ತಮ್ಮನವರ ದೋಣಿಗೆ ಐದು ಕಳೆದಿಲ್ಲ ಮೇಡಂ ಎಂದೆ.

ದೀಪ ಒಂದೇ ಕಡೆ ಉರಿಯುತ್ತಿತ್ತು.

“ಗೊತ್ತು” ಎಂದರು.

ಎರಡನೆಯ ತಿಂಗಳಿಗೇ ಗೊತ್ತಾಗಿತ್ತಂತೆ. ಯಾವುದೋ ದೋಣಿಗೆ ಐದು ಕಳೆಯುತ್ತಿದ್ದ ಪೆನ್ನು ಹಾಗೇ ನಿಂತು, ಹಿಂದಿನ ಪುಟ ತಿರುಗಿಸಿದ್ದರು. ಗುಮಾಸ್ತರಿಗೆ ಟೇಪಿನ ವಿಷಯ ತಿಳಿಯದು ಎಂಬುದು ಆ ಬೆಳಿಗ್ಗೆ ಅವರಿಗೆ ಹೊಳೆದಿರಲಿಲ್ಲ. ಕೂಗಿದ ಅಂಕಿಯನ್ನು ಒಂದು ಕೂದಲೆಳೆಯಷ್ಟೂ ಅಲುಗಿಸಬಾರದು ಎಂಬುದೊಂದೇ ತಲೆಯಲ್ಲಿತ್ತು.

“ಬೇರೆಯವರದ್ದಾಗಿದ್ರೆ ಅವತ್ತೇ ಹುಡುಕಿಕೊಂಡು ಹೋಗಿ ತಿದ್ದಿಕೊಡ್ತಿದ್ದೆ. ಇವನದ್ದು… ತಮ್ಮ ಮುನಿಸಿಕೊಂಡ, ಅಕ್ಕ ಅಳತೆ ಇಳಿಸಿದಳು ಅಂತ ಆಗ್ತಿತ್ತಲ್ಲಪ್ಪ. ಸ್ವಲ್ಪ ದಿನ ಹೋಗಲಿ ಅಂದ್ಕೊಂಡೆ. ಒಂದು ವರ್ಷ ಆಯ್ತು. ಆಮೇಲೆ ಒಂದು ವರ್ಷ ಯಾಕೆ ಸುಮ್ಮನಿದ್ದೆ ಅನ್ನೋದಕ್ಕೆ ಉತ್ತರ ಬೇಕಾಯ್ತು. ಎರಡು ವರ್ಷಕ್ಕೆ ಇನ್ನೂ ದೊಡ್ಡ ಉತ್ತರ ಬೇಕಾಯ್ತು.” ಕುರ್ಚಿ ಕಿರುಗುಟ್ಟಿತು. “ತಿರುಗಿಸು. ಹಸಿರು ಇನ್ನೂ ಇದೆ.”

ನಾನು ತಿರುಗಿಸಿದೆ. ಇನ್ನು ನಾಲ್ಕು ತಿಂಗಳಲ್ಲಿ ಆ ಅಂಕಿಯನ್ನು ತಿದ್ದುವ ಅಧಿಕಾರ ಅವರ ಕೈಬಿಡುತ್ತದೆ, ಆಮೇಲೆ ಅದು ಕೇಂದ್ರ ಕಚೇರಿಯ ಕಪಾಟಿನಲ್ಲಿ ಸತ್ಯವಾಗಿ ಕೂತಿರುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಮೂರು ತಿಂಗಳು ಅವರು ಆ ಮಾತೆತ್ತಲಿಲ್ಲ. ಪರೀಕ್ಷೆಗಳು ನಡೆದವು, ಕಂದು ಹಾಯಿ ಬಂದು ಹೋಯಿತು. ಪಟ್ಟಿಯಲ್ಲಿ ಆ ಒಂದು ರಿಜಿಸ್ಟರನ್ನು ನಾನು ಸೇರಿಸದೆ ಮೇಜಿನ ಮೇಲೆಯೇ ಬಿಟ್ಟಿದ್ದೆ. ಅವರು ಅದರ ಮೇಲಿನ ಧೂಳನ್ನು ಮಾತ್ರ ಒರೆಸುತ್ತಿದ್ದರು. ಕೊನೆಯ ತಿಂಗಳ ಮೊದಲ ವಾರ ಒಂದು ಸಂಜೆ ಹೊರಡುವಾಗ, ನಾಳೆ ಬೆಳಿಗ್ಗೆ ಆ ಕಡೆ ಹೋಗೋಣ, ಉಕ್ಕಿನ ಟೇಪು ತಗೋ ಎಂದರು.

ಬೆಳಗಿನ ದಾಟುದೋಣಿಯಲ್ಲಿ ಹೋದೆವು. ತಮ್ಮನ ಕೆಲಸದ ಮನೆ ದಡದಿಂದ ನೂರು ಹೆಜ್ಜೆ. ಉದ್ದನೆಯ ಹಲಗೆಯ ನೆಲ, ಅದರ ತುಂಬ ಬಿಚ್ಚಿ ಹರವಿದ ಬಿಳಿಯ ಹಾಯಿ, ಹಾಯಿಯ ನಡುವೆ ಅಂಗೈಗೆ ಚರ್ಮದ ಪಟ್ಟಿ ಕಟ್ಟಿ ದಪ್ಪ ಸೂಜಿ ನೂಕುತ್ತಿದ್ದ ಐವತ್ತೊಂದು ವರ್ಷದ ಮನುಷ್ಯ. ಮೂಗು ಅಕ್ಕನದೇ. ಅವನು ತಲೆಯೆತ್ತಿ, ಮೊನ್ನೆ ಮೊನ್ನೆ ನೋಡಿದವನ ಹಾಗೆ “ಬಾ ಅಕ್ಕಾ” ಎಂದ. ಹಾಯಿಯನ್ನು ತುಳಿಯದೆ ಒಳಗೆ ಹೋಗುವ ದಾರಿಯಿರಲಿಲ್ಲ. ಅವರು ಹೊಸ್ತಿಲಲ್ಲೇ ನಿಂತು, ಕಚೇರಿಯ ದನಿಯಲ್ಲಿ, ದೋಣಿಯನ್ನು ಮತ್ತೆ ಅಳೆಯಬೇಕಾಗಿದೆ ಎಂದರು.

“ಈಗ್ಯಾಕೆ? ಹಗಲಿಗೆ ಮಾತ್ರ ಅಂತ ಬರೆದಿದೀಯ, ಹಗಲಲ್ಲೇ ಓಡಿಸ್ತಿದೀನಿ.” ದನಿಯಲ್ಲಿ ಮೊನೆಯಿರಲಿಲ್ಲ. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದು ಬಂದ.

ನೀರು ಇಳಿದಿತ್ತು, ದೋಣಿ ದಡದ ಮರದ ದಿಮ್ಮಿಗಳ ಮೇಲೆ ಒಣಗಿ ನಿಂತಿತ್ತು. ಅದರ ಮೂತಿಯ ತುದಿಯಿಂದಲೂ ಹಿಂತುದಿಯಿಂದಲೂ ದಾರಕ್ಕೆ ಕಟ್ಟಿದ ಸೀಸದ ಗುಂಡು ಇಳಿಬಿಟ್ಟು, ಗುಂಡುಗಳು ಅಲುಗಾಟ ನಿಲ್ಲಿಸುವ ತನಕ ಕಾದು, ನೆಲದ ಮೇಲೆ ಗುರುತು ಮಾಡಿ, ಎರಡು ಗುರುತುಗಳ ನಡುವೆ ಟೇಪು ಹಾಸಿದೆವು. ಓದಿದವನು ನಾನು. ತುದಿಗಳನ್ನು ಅದಲುಬದಲು ಮಾಡಿ ಇನ್ನೊಮ್ಮೆ ಓದಿಸಿದರು. ಎರಡು ಸಲವೂ ಆರು ಮೀಟರ್ ತೊಂಬತ್ತೊಂಬತ್ತು. ಮೂರು ವರ್ಷ ಬರಿಯ ಕೈಯಿಂದ ಕಟ್ಟಿದ ಏಳು ಮೀಟರ್ ಮರದಲ್ಲಿ ಅರ್ಧ ಸೆಂಟಿಮೀಟರಿನ ವ್ಯತ್ಯಾಸವೂ ಇರಲಿಲ್ಲ.

ಅವರು ಯಾವ ಪೀಠಿಕೆಯನ್ನೂ ಹಾಕದೆ ನಿಂತಲ್ಲೇ ಹೇಳಿದರು: ಟೇಪು, ಇಲಿ, ಗುಮಾಸ್ತ, ಕಳೆಯದೆ ಉಳಿದ ಐದು. ಎರಡನೆಯ ತಿಂಗಳಿಗೇ ತಿಳಿದದ್ದನ್ನೂ ಹೇಳಿದರು. ಕ್ಷಮೆ ಎಂಬ ಶಬ್ದ ಅವರ ಬಾಯಲ್ಲಿ ಬರಲಿಲ್ಲ. ಬರುವುದಿಲ್ಲವೆಂದು ಅಲ್ಲಿದ್ದ ಮೂವರಿಗೂ ಗೊತ್ತಿತ್ತು.

ತಮ್ಮ ಬಗ್ಗಿ ಟೇಪಿನ ಅಂಕಿಯ ಮೇಲೆ ಹೆಬ್ಬೆರಳಿಟ್ಟು ಓದಿದ. ಆಮೇಲೆ ದಿಮ್ಮಿಯ ಮೇಲೆ ಕೂತ.

“ನೀನು ತಪ್ಪು ಬರೆದಿರಬಹುದು ಅಂತ ನನಗೆ ಹೊಳೀಲೇ ಇಲ್ಲ ಅಕ್ಕಾ. ಇಲ್ಲಿ ಬಂದು ಎರಡು ಸಲ ಅಳೆದೆ, ತೊಂಬತ್ತೊಂಬತ್ತೇ ಬಂತು. ನಾನು ಹಿಡಿಯೋದೇ ಸರಿಯಿಲ್ಲ, ನನ್ನ ಕೈಯೇ ಸುಳ್ಳು ಅಂದ್ಕೊಂಡೆ.”

“ನೀನು ಸಿಟ್ಟು ಮಾಡ್ಕೊಂಡು ಹೋದೆ ಅಂತ…”

“ಸಿಟ್ಟಲ್ಲ, ನಾಚಿಕೆ ಆಗಿತ್ತು. ಅಷ್ಟು ಜನರ ಎದುರು ನಿನ್ನನ್ನೇ ಸುಳ್ಳು ಮಾಡೋಕೆ ಹೋದೆನಲ್ಲ.” ಅಂಗೈಯ ಚರ್ಮದ ಪಟ್ಟಿ ಬಿಚ್ಚುತ್ತ, “ಆ ವರ್ಷ ಇಬ್ಬರು ದೋಣಿ ಕಟ್ಟಿಕೊಡು ಅಂತ ಬಂದಿದ್ರು. ಕೈ ಇಷ್ಟು ತಪ್ಪುತ್ತೆ ಅಂದ್ಮೇಲೆ ಇನ್ನೊಬ್ಬರ ಜೀವ ಯಾಕೆ ಹೊರೋದು ಅಂತ ಆಗಲ್ಲ ಅಂದೆ. ಬೇರೆ ಕಡೆ ಕಟ್ಟಿಸ್ಕೊಂಡ್ರು. ಚೆನ್ನಾಗೇ ಇವೆ ಆ ದೋಣಿಗಳು” ಎಂದ.

ಒಂಬತ್ತು ವರ್ಷದಿಂದ ಅವನು ದೋಣಿ ಕಟ್ಟಿರಲಿಲ್ಲ. ಅಕ್ಕ ಇಷ್ಟು ಕಾಲ ತಾವು ಕಳೆದುಕೊಂಡದ್ದು ತಮ್ಮನನ್ನು ಎಂದು ತಿಳಿದಿದ್ದರು. ಅವನಿಂದ ತಾವು ಕಳೆದದ್ದು ಏನೆಂಬುದು ಆ ದಡದ ಮೇಲೆ, ನನ್ನೆದುರಿಗೆ, ಅವರಿಗೆ ತಿಳಿಯಿತು. ಅವರ ಮುಖವನ್ನು ನಾನು ನೋಡಲಿಲ್ಲ. ನಾಲ್ಕು ವರ್ಷ ಕತ್ತಲಲ್ಲಿ ಕೆಲಸ ಮಾಡಿದವನಿಗೆ ನೋಡದಿರುವುದು ಕಷ್ಟವಾಗಲಿಲ್ಲ. ಟೇಪು ಸುತ್ತಿದೆ, ಮರಳು ಒರೆಸುತ್ತ ಸುತ್ತಿದ್ದರಿಂದ ಸಾಕಷ್ಟು ಹೊತ್ತು ಹಿಡಿಯಿತು.

ಹೊಸ ಪ್ರಮಾಣಪತ್ರಕ್ಕೆ ತಮ್ಮ ಸಹಿ ಹಾಕಿದ. ಬಿಸಿಲಿರುವಾಗಲೇ ಹೊಲಿಗೆ ಮುಗಿಸಬೇಕು ಎಂದ. ಹೊರಡುವಾಗ, “ಊಟ ಮಾಡ್ಕೊಂಡು ಹೋಗಿ, ಅನ್ನ ಇದೆ” ಎಂದ. ನಾನು ಅವರ ಕಡೆ ನೋಡಿದೆ. ಕಚೇರಿಯಲ್ಲಿ ಕೆಲಸ ಇದೆ, ಇನ್ನೊಂದು ದಿನ ಎಂದರು. ಆ ದಿನ ಕಚೇರಿಯಲ್ಲಿ ಯಾವ ಕೆಲಸವೂ ಇರಲಿಲ್ಲ. ದಿನಚರಿ ಬರೆಯುತ್ತಿದ್ದವನು ನಾನೇ. ಅವನು ತಲೆಯಾಡಿಸಿ ಒಳಗೆ ಹೋದ.

ಮರಳುವಾಗ ದಾಟುದೋಣಿಯ ಬೆಂಚಿನ ಮೇಲೆ ರಿಜಿಸ್ಟರನ್ನು ತೊಡೆಯ ಮೇಲಿಟ್ಟುಕೊಂಡು ಅವರು ಏಳು ಬಿಂದು ಸೊನ್ನೆ ನಾಲ್ಕರ ಮೇಲೆ ಒಂದೇ ಗೆರೆ ಎಳೆದರು, ಕೆಳಗಿನ ಅಂಕಿ ಓದಲು ಬರುವ ಹಾಗೆ. ಪಕ್ಕದಲ್ಲಿ ಸರಿಯಾದ ಅಳತೆ. ತಿದ್ದುಪಡಿಗೆ ಕಾರಣ ಎಂಬ ಕಾಲಮಿನಲ್ಲಿ, ‘ತಪಾಸಣಾಧಿಕಾರಿಯ ತಪ್ಪು’ ಎಂದು ಬರೆದು, ಎರಡು ದಿನಾಂಕ ಹಾಕಿದರು: ತಪ್ಪು ತಿಳಿದ ದಿನ, ತಪ್ಪು ತಿದ್ದಿದ ದಿನ. ಎರಡನೆಯದನ್ನು ಮಾತ್ರ ಬರೆದರೆ ಸಾಕೆಂದು ನಿಯಮವಿದೆ. ಹೇಳಿದೆ. ಕೇಳಿಸದವರಂತೆ ಶಾಯಿಯ ಮೇಲೆ ಊದಿದರು.

ಅವರು ನಿವೃತ್ತರಾದರು, ನಾನೂ ಬೇರೆ ಊರಿನ ಬೇರೆ ಕೆಲಸಕ್ಕೆ ಹೋದೆ. ಕಾವಲುಗಾರ ತಾತ ಕೊನೆಯ ಸಲ ಸಿಕ್ಕಾಗ ಸಮಾಚಾರ ಹೇಳಿದರು. ಅಕ್ಕ ಈಗ ಭಾನುವಾರ ಬೆಳಗಿನ ಮೊದಲ ದಾಟುದೋಣಿಗೆ ಆ ದಡಕ್ಕೆ ಹೋಗುತ್ತಾಳಂತೆ. ಹಾಯಿಯ ಅಂಚು ಹಿಡಿದು ಕೂರುತ್ತಾಳಂತೆ, ಇಬ್ಬರೂ ಹೆಚ್ಚು ಮಾತಾಡುವುದಿಲ್ಲವಂತೆ. ಅವನು ಮತ್ತೆ ದೋಣಿ ಕಟ್ಟಿದನೇ ಎಂದು ಕೇಳಿದೆ. ಮರ ತಂದು ಹಾಕಿದ್ದಾನೆ, ಎರಡು ಮಳೆಗಾಲದಿಂದ ಅದು ಹಾಗೇ ಬಿದ್ದಿದೆ ಎಂದರು. ಅಕ್ಕ ಊಟದ ಹೊತ್ತಿಗೆ ಮುಂಚೆ ಎದ್ದು ಬಂದುಬಿಡುತ್ತಾಳಂತೆ.

ಇಂಥವರು ಎಲ್ಲ ಕಚೇರಿಗಳಲ್ಲೂ ಒಬ್ಬೊಬ್ಬರಾದರೂ ಇರುತ್ತಾರೆ. ಲೋಕದ ಇನ್ನೂರ ಹದಿನೇಳು ಮಂದಿಗೆ ಕೈನಡುಗದೆ ಐದು ಕಳೆದುಕೊಡುವವರು, ತಮ್ಮವರ ಸರದಿ ಬಂದಾಗ ಕಳೆಯುವುದು ನ್ಯಾಯವೋ ಪಕ್ಷಪಾತವೋ ತಿಳಿಯದೆ ಪೆನ್ನು ಹಿಡಿದು ನಿಂತುಬಿಡುತ್ತಾರೆ. ಅವರ ಪ್ರಾಮಾಣಿಕತೆಯಲ್ಲಿ ಸಂಶಯವಿಲ್ಲ. ಅದರ ಬೆಲೆ ತೆರುವವರು ಮಾತ್ರ ಅವರ ಮನೆಯೊಳಗಿನವರೇ. ಮತ್ತು ಮನೆಯೊಳಗಿನವರು ಆ ಬೆಲೆಯನ್ನು ಪ್ರಶ್ನಿಸುವುದಿಲ್ಲ, ಏಕೆಂದರೆ ಹುಟ್ಟಿದಂದಿನಿಂದ ಅವರು ಕಂಡಿರುವುದು ತಪ್ಪದ ಒಂದು ಕೈಯನ್ನು. ಆ ಕೈಗೂ ತಮ್ಮ ಕೈಗೂ ವ್ಯತ್ಯಾಸ ಬಂದರೆ ತಮ್ಮದನ್ನೇ ಕತ್ತರಿಸಿಕೊಳ್ಳುತ್ತಾರೆ. ಇಂಥವರನ್ನು ಜನ ದೂರವಿಟ್ಟದ್ದರಿಂದ ಒಂಟಿಯಾದರು ಎಂದು ನಾನು ಬಹಳ ಕಾಲ ತಿಳಿದಿದ್ದೆ. ಅವರ ಸುತ್ತ ಇರುವವರೆಲ್ಲ ಅವರನ್ನು ಅಷ್ಟೊಂದು ನಂಬಿರುತ್ತಾರೆ ಎಂಬುದು ನನಗೆ ತಡವಾಗಿ ತಿಳಿಯಿತು. ಅಷ್ಟು ಜನರ ನಡುವೆ, ತಪ್ಪಿದ ದಿನ ಭುಜ ಮುಟ್ಟಿ ‘ಇಲ್ಲಿ ತಪ್ಪಿದೀಯ ನೋಡು’ ಎನ್ನುವವರು ಅವರಿಗೆ ಒಬ್ಬರೂ ಇರುವುದಿಲ್ಲ.